ಕಷ್ಟ ಏನೂ ಇಲ್ರಿ

೧

"ಊಟ ಆಯ್ತೇನಮ್ಮ?" ಎಂದು ಕೇಳಿದ್ದು ನನ್ನ ತಪ್ಪು.

ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ಕೆಲಸವಿಲ್ಲದವರಿಗೆ ಸರ್ಕಾರದ ಹಣ ಕೊಡುವ ಒಂದು ಭತ್ಯೆ ಕಚೇರಿ. ನಾನು ನಿವೃತ್ತ ಎಂಜಿನಿಯರ್; ಇಂಗ್ಲಿಷ್ ಬಾರದ ಕನ್ನಡದವರಿಗೆ ಆಗಾಗ ದುಭಾಷಿಯಾಗಿ ಹೋಗುತ್ತಿದ್ದೆ. ಆ ದಿನ ಬಂದವರು ಹುಬ್ಬಳ್ಳಿ ಕಡೆಯ ಒಬ್ಬ ತಾಯಿ, ಆಕೆಯ ಹದಿನೇಳು ವರ್ಷದ ಮಗಳು. ಮಗಳಿಗೆ ಮಕ್ಕಳ ನರ್ಸರಿ ಕೆಲಸದ ತರಬೇತಿಯಲ್ಲಿ ಸೀಟು ಖಾಲಿಯಾಗಲು ಮೂರು ತಿಂಗಳಿತ್ತು. ಅಲ್ಲಿಯವರೆಗೆ ಭತ್ಯೆ ಬೇಕು. ಆ ವಯಸ್ಸಿನವರಿಗೆ ಅದು ಸುಮ್ಮನೆ ಸಿಗುವುದಿಲ್ಲ. ಮನೆಯಲ್ಲಿ ಕಡುಕಷ್ಟವಿದೆ ಎಂದು ತಾಯಿ ಬಾಯಿಬಿಟ್ಟು ಹೇಳಬೇಕು. ಕಷ್ಟ ಇದ್ದೇ ಇತ್ತು. ಆಸ್ಪತ್ರೆಯಲ್ಲಿ ನೆಲ ಒರೆಸುವ ಆಕೆಗೆ ವಾರಕ್ಕೆ ಎರಡೇ ಪಾಳಿ ಉಳಿದಿದ್ದವು. ಮಗಳಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ತನ್ನ ಅರ್ಜಿಗೆ ತಾನೇ ದುಭಾಷಿಯಾಗುವಂತಿಲ್ಲ.

"ಆತ್ರಿ" ಎಂದಳು ತಾಯಿ.

ಏನು ಕೇಳಿದಿರಿ ಎಂದು ಅಧಿಕಾರಿ ನನ್ನನ್ನು ವಿಚಾರಿಸಿದಳು. ಇದ್ದದ್ದು ಹೇಳಿದೆ. ಆಕೆ ಬರೆದುಕೊಂಡಳು: ಊಟಕ್ಕೆ ತೊಂದರೆ ಇಲ್ಲ.

ನೀವು ಇಂಗ್ಲಿಷರು ಮಳೆಯ ಮಾತೆತ್ತುವ ಹಾಗೆ ನಾವು ಊಟದ ಮಾತೆತ್ತುತ್ತೇವೆ, ಉತ್ತರಕ್ಕೆ ಅರ್ಥವಿಲ್ಲ ಎಂದು ವಿವರಿಸಿ ಆ ಒಂದು ಸಾಲು ಹೊಡೆದುಹಾಕಿಸುವಷ್ಟರಲ್ಲಿ ನಮಗೆ ಕೊಟ್ಟಿದ್ದ ಅರ್ಧ ಗಂಟೆ ಮುಗಿದಿತ್ತು.

೨

ಮುಂದಿನ ವಾರ ಊಟದ ಸುದ್ದಿ ಎತ್ತಲಿಲ್ಲ. ಅಧಿಕಾರಿ ನೇರವಾಗಿ ಕೇಳಿದಳು: ಮನೆಯಲ್ಲಿ ಕಷ್ಟ ಇದೆಯೇ?

"ಏನೂ ಇಲ್ರಿ. ದೇವರು ಚಲೋ ಇಟ್ಟಾನ."

ಮಗಳು ಹಣೆ ಹಿಡಿದುಕೊಂಡಳು. ಹಾಗಾದರೆ ಮನೆ ಬಾಡಿಗೆ ಹೇಗೆ ಕಟ್ಟುತ್ತೀರಿ ಎಂದು ಮುಂದಿನ ಪ್ರಶ್ನೆ.

"ಹೆಂಗೋ ನಡೀತೈತ್ರಿ."

ಹೆಂಗೋ ಎಂಬುದಕ್ಕೆ ಫಾರಂನಲ್ಲಿ ಕಲಂ ಇರಲಿಲ್ಲ. ಇನ್ನೊಂದೇ ಸಲ ಕರೆಯುತ್ತೇನೆ, ಆಮೇಲೆ ಫೈಲು ಮುಚ್ಚುತ್ತೇನೆ ಎಂದಳು ಅಧಿಕಾರಿ.

ಮನೆಗೆ ಮರಳುವ ಬಸ್ಸಿನಲ್ಲಿ ತಾಯಿಯನ್ನು ಗದರಿದೆ. ಹೊರಗಿನವರ ಮುಂದೆ ಮನೆ ಮರ್ಯಾದೆ ಕಳೆಯಲೇ ಎಂದು ಆಕೆ ನನ್ನನ್ನೇ ಕೇಳಿದಳು. ಮಗಳು ಕಿಟಕಿಯ ಕಡೆ ನೋಡುತ್ತ ಇಂಗ್ಲಿಷಿನಲ್ಲಿ ಹೇಳಿದಳು, ಮರ್ಯಾದೆಯನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನಲು ಬರುವುದಿಲ್ಲ ಎಂದು. ತಾಯಿ ನನ್ನತ್ತ ತಿರುಗಿ, ಏನಂದಳು ಎಂದಳು. ಆ ದಿನದ ನನ್ನ ಕೆಲಸ ಮುಗಿದಿದೆ ಎಂದೆ.

೩

ಕೊನೆಯ ಸಲ. ಅದೇ ಪ್ರಶ್ನೆ, ಅದೇ ಉತ್ತರ. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದಳು. ಮಗಳ ಕಣ್ಣು ತುಂಬಿತ್ತು. ತಾಯಿ ಎದ್ದು ಕೈಮುಗಿದಳು.

"ಅವ್ವಾರಿಗೆ ಹೇಳ್ರಿ, ಒಮ್ಮೆ ನಮ್ಮ ಮನಿಗೆ ಊಟಕ್ಕ ಬರ್ರಿ ಅಂತ."

ಬೀಳ್ಕೊಡುವಾಗ ಆಡುವ ಮಾತು. ಅಕ್ಷರಶಃ ಅನುವಾದಿಸಿದೆ. ಅಧಿಕಾರಿ ಖುಷಿಯಾಗಿ ಡೈರಿ ತೆಗೆದಳು. ನಿಯಮದಂತೆ ತಾನು ಊಟ ಮಾಡುವಂತಿಲ್ಲ, ಆದರೆ ಮನೆ ನೋಡಲು ಬರಬಹುದು ಎಂದಳು. ನಾಳೆ ಹನ್ನೆರಡೂವರೆ ಆಗಬಹುದೇ?

ನಾಳೆ ಹನ್ನೆರಡೂವರೆಗೆ ಬರುತ್ತಾರಂತೆ ಎಂದಷ್ಟೇ ಹೇಳಿದೆ.

ತಾಯಿ ಮತ್ತೆ ಕುಳಿತಳು. ಮಗಳ ಮುಖ ನೋಡಿದಳು. ಬಂದವರನ್ನು ಬರಿ ಹೊಟ್ಟೆಯಲ್ಲಿ ಕಳಿಸುವ ಮನೆತನ ಅಲ್ಲ ಅದು.

"ನಾಳೆ ಬ್ಯಾಡ್ರಿ. ಮನ್ಯಾಗ ಅಕ್ಕಿ ಇಲ್ಲ."

ಯಾವಾಗಿನಿಂದ ಎಂದು ಅಧಿಕಾರಿ ಕೇಳಿದಳು.

"ಸೋಮವಾರದಿಂದ್ರಿ. ಬ್ಯಾಳಿನೂ ಇಲ್ಲ, ಎಣ್ಣಿನೂ ಇಲ್ಲ. ಮೀಟರಿಗೆ ಹಾಕಾಕ ರೊಕ್ಕ ಇಲ್ಲ, ಗ್ಯಾಸೂ ಬರಂಗಿಲ್ಲ, ಒಂದು ಚಾ ಕಾಸಿ ಕೊಡಾಕೂ ಆಗಂಗಿಲ್ಲ. ತಪ್ಪು ತಿಳ್ಕೋಬ್ಯಾಡ್ರಿ. ಪಗಾರ ಆದಮ್ಯಾಲ ಖಂಡಿತ ಬರ್ರಿ."

ಒಂದೊಂದನ್ನೂ ಅನುವಾದಿಸಿದೆ. ಅಧಿಕಾರಿ ಎರಡು ಪುಟ ಬರೆದಳು.

ಭತ್ಯೆ ಮಂಜೂರಾಯಿತು.