ಬಚ್ಚಲಲ್ಲಿ ಬಾಗಿದ ಸ್ವರ

ಮೌತ್ ಆರ್ಗನ್ ಕಲಿಯುವುದು ಬಹಳ ಸುಲಭ ಎಂದು ನಾನು ನಂಬಿದ್ದೆ. ಊದಿದರೂ ಸ್ವರ, ಉಸಿರೆಳೆದರೂ ಸ್ವರ. ಇಷ್ಟು ಉದಾರವಾದ ವಾದ್ಯ ಬೇರೆ ಯಾವುದಿದೆ? ಕುಪವಾಡದ ಕಾರ್ಖಾನೆಯಲ್ಲಿ ದಿನವಿಡೀ ಯಂತ್ರಗಳ ಗದ್ದಲ ಕೇಳಿ ಬರುವ ನನಗೆ, ಸಂಜೆ ಮಿರಜಿನ ನಮ್ಮ ಫ್ಲ್ಯಾಟಿನ ಗ್ಯಾಲರಿಯಲ್ಲಿ ಕುಳಿತು ಅದನ್ನು ತುಟಿಗಿಟ್ಟರೆ ಅರ್ಧ ಸ್ವರ್ಗ ಕಾಣುತ್ತಿತ್ತು.

ಉಳಿದರ್ಧ ಇದ್ದದ್ದು ಸ್ವರ ಬಾಗಿಸುವುದರಲ್ಲಿ. ಉಸಿರನ್ನು ಒಳಗೆಳೆಯುತ್ತ ನಾಲಿಗೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರೆ, ನೆಟ್ಟಗಿದ್ದ ಸ್ವರ ಜಾರಿ ಕೆಳಗಿಳಿಯುತ್ತದಂತೆ. ಮೊಬೈಲಿನಲ್ಲಿ ಕಲಿಸುವ ಮೇಷ್ಟ್ರು ಬಾಗಿಸಿದಾಗ, ಸಂಜೆಯ ಕೃಷ್ಣಾ ನದಿ ಸದ್ದಿಲ್ಲದೆ ಮಗ್ಗುಲು ತಿರುಗಿದಂತೆ ಕೇಳುತ್ತಿತ್ತು. ನಾನು ಬಾಗಿಸಿದಾಗ ಎಮ್ಮೆ ಮಗ್ಗುಲು ತಿರುಗಿದಂತೆ!

"ಏನ್ರಿ, ನಿಮ್ಮ ನರಳಾಟ ಕೇಳಿ ಕೆಳಗಿನ ಮನಿ ಮಾವಶಿ, ಸಾಹೇಬರಿಗೆ ಆರಾಮ ಇಲ್ಲೇನು ಅಂತ ಕೇಳಾಕತ್ತಾರ" ಎಂದು ಹೆಂಡತಿ ಸುಜಾತಾ ನನ್ನನ್ನು ಗ್ಯಾಲರಿಯಿಂದ ಗಡೀಪಾರು ಮಾಡಿದಳು. ಕಲಾವಿದನಿಗೆ ಉಳಿದ ಆಶ್ರಯ ಬಚ್ಚಲುಮನೆ ಒಂದೇ.

ಆ ಭಾನುವಾರ ಮಗಳು ಶ್ರೇಯಾ ಮೆಚ್ಚಿದ ಹುಡುಗನ ತಂದೆತಾಯಿ ಕಸಬೆ ಡಿಗ್ರಜದಿಂದ ಮಾತುಕತೆಗೆ ಬರುವವರಿದ್ದರು. ಅವರ ಮನಸ್ಸು ಇನ್ನೂ ಗಟ್ಟಿಯಾಗಿರಲಿಲ್ಲ. ಮಗಳು ಬೆಳಗಿನಿಂದ ಉಗುರು ಕಚ್ಚುತ್ತಿದ್ದಳು.

"ನೀವು ಬಾಳ ಮಾತಾಡಬ್ಯಾಡ್ರಿ. ನಕ್ಕೋಂತ ಕುಂದ್ರಿ, ಸಾಕು. ಮೊದಲ ಜಳಕಾ ಮಾಡ್ರಿ" ಎಂದಳು ಸುಜಾತಾ. ನಾನು ವಿಧೇಯನಾಗಿ ಹೋದೆ. ಟವೆಲ್ಲಿನ ಮಡಿಕೆಯೊಳಗೆ ಮೌತ್ ಆರ್ಗನ್ ಇತ್ತು.

ನಳದಿಂದ ಬಿಸಿನೀರು ಸುರಿಯುತ್ತಿತ್ತು. ಕಿಟಕಿಯಿಂದ ಬಿದ್ದ ಬಿಸಿಲಕೋಲಿನಲ್ಲಿ ಉಗಿ ಮೆಲ್ಲಗೆ ಏಳುತ್ತಿತ್ತು. ಮೈತುಂಬ ಸಾಬೂನು ಹಚ್ಚಿಕೊಂಡು ಸ್ಟೂಲಿನ ಮೇಲೆ ಕುಳಿತೆ. ಕಣ್ಣು ಮುಚ್ಚಿ ಉಸಿರೆಳೆದೆ. ನಾನೀಗ ಮಿರಜಿನಲ್ಲಿರಲಿಲ್ಲ. ಮಂಜು ಹಾಸಿದ ನದಿಯ ಮೇಲೆ, ಹುಟ್ಟು ಹಾಕುವವರಿಲ್ಲದ ದೋಣಿಯಲ್ಲಿ ತೇಲುತ್ತಿದ್ದೆ.

ಅಷ್ಟರಲ್ಲಿ ಅತಿಥಿಗಳು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟಿದ್ದರು! ಹೊರಗೆ ನಡೆದದ್ದೆಲ್ಲ ನನಗೆ ಆಮೇಲೆ ತಿಳಿಯಿತು.

"ಅದೇನ್ರಿ ಸದ್ದು?" ಹುಡುಗನ ತಂದೆ ಅಣ್ಣಾಸಾಹೇಬರು ಕಿವಿ ನಿಗುರಿಸಿ ಕೇಳಿದರಂತೆ.

ಹುಡುಗಿಯ ಅಪ್ಪ ಬಚ್ಚಲಲ್ಲಿ ಕುಳಿತು ಸಂಗೀತಾಭ್ಯಾಸ ಮಾಡುತ್ತಿದ್ದಾನೆ ಎಂದು ಯಾವ ತಾಯಿ ತಾನೇ ಹೇಳಿಯಾಳು? "ನಳದ ಪೈಪಿನ್ಯಾಗ ಗಾಳಿ ಸೇರೇತ್ರಿ" ಎಂದಳು ಸುಜಾತಾ.

ಸುಳ್ಳು ಚೆನ್ನಾಗಿತ್ತು. ಕೇಳಿದವರು ಸರಿಯಿರಲಿಲ್ಲ. ಅಣ್ಣಾಸಾಹೇಬರು ಕಬ್ಬಿನ ಗದ್ದೆಗೆ ನೀರು ಹಾಯಿಸುತ್ತ, ಪಂಪು ಪೈಪುಗಳ ನಡುವೆಯೇ ಕೂದಲು ಹಣ್ಣಾಗಿಸಿಕೊಂಡವರು!

"ಇಷ್ಟ ಹೌದಲ್ರಿ? ಒಂದು ಪಾನಾ ಕೊಡ್ರಿ, ನಟ್ಟು ಸಡಲ ಮಾಡಿ ಗಾಳಿ ತಗದಬಿಡ್ತೀನಿ" ಎಂದು ಅಂಗಿಯ ತೋಳು ಮಡಚಿದರು.

"ಕಾಕಾ, ರಾಹೂ ದ್ಯಾ, ಇರ್ಲಿ ಬಿಡ್ರಿ! ನಾಳೆ ಪ್ಲಂಬರ್ ಬರ್ತಾನ್ರಿ" ಎಂದು ಶ್ರೇಯಾ ಅಂಗಲಾಚಿದಳು. ಅವರು ಕೇಳಲಿಲ್ಲ. ಗ್ಯಾಲರಿಗೆ ಹೋಗಿ, ಅಲ್ಲಿದ್ದ ಸ್ಪ್ಯಾನರ್ ತಾವೇ ಎತ್ತಿಕೊಂಡು, ಬಚ್ಚಲಿನ ವಾಲ್ವ್ ಬಂದ್ ಮಾಡಿದರು.

ಒಳಗೆ ನಳ ನಿಂತಿತು. ನೀರು ನಿಂತರೇನು, ಉಸಿರು ನಿಂತಿಲ್ಲವಲ್ಲ! ನಾನು ಮುಂದುವರಿಸಿದೆ.

"ನೀರು ನಿಂತರೂ ಸದ್ದು ನಿಲ್ಲವಲ್ದಲ್ಲ!" ಎಂದು ಬೆರಗಾದ ಅಣ್ಣಾಸಾಹೇಬರು, ಬಚ್ಚಲಿನ ಬಾಗಿಲ ಪಕ್ಕದ ಪೈಪಿಗೆ ಪಾನಾದಿಂದ ಬಡಿಯತೊಡಗಿದರು. ಟಣ್. ಟಣ್. ಟಣ್.

ನನ್ನ ಕಣ್ಣು ತುಂಬಿ ಬಂತು. ಸುಜಾತಾ ಕೊನೆಗೂ ನನ್ನ ಸಂಗೀತಕ್ಕೆ ತಾಳ ಹಾಕುತ್ತಿದ್ದಾಳೆ!

ಆ ಭಾವಪರವಶತೆಯಲ್ಲಿ ಮೀಸೆಯ ಮೇಲಿನ ಸಾಬೂನು ನೊರೆ ಬಾಯಿಗಿಳಿಯಿತು. ಕಹಿಗೆ ಹೆದರಿ ನಾಲಿಗೆ ತಾನಾಗಿಯೇ ಹಿಂದಕ್ಕೆ ಸರಿಯಿತು. ಆ ಕ್ಷಣ ಸ್ವರ ಬಾಗಿತು. ನಿದ್ದೆಗಣ್ಣಿನ ಮಗು ತಾಯಿಯ ಹೆಗಲಿಗೆ ತಲೆ ಇಡುವಂತೆ, ಮೆಲ್ಲಗೆ, ಪೂರ್ತಿಯಾಗಿ ಬಾಗಿತು. ಲೋಕದಲ್ಲಿ ಬೇರೆ ಸದ್ದೇ ಇಲ್ಲವೆನಿಸಿತು.

ಟವೆಲ್ ಸುತ್ತಿಕೊಂಡವನೇ ಬಾಗಿಲು ತೆರೆದು ಹೊರಗೋಡಿದೆ. "ಬಗ್ಗಿತು! ಅಂತೂ ಬಗ್ಗಿತು!"

ಎದುರಿಗೆ ಪಾನಾ ಹಿಡಿದ ಅಪರಿಚಿತ ಹಿರಿಯರು ನಿಂತಿದ್ದರು.

"ಪೈಪ್ ಏನ್ರಿ?" ಎಂದರು ಗಾಬರಿಯಿಂದ.

ಅವರ ಹೆಂಡತಿ ಗೋಡೆಯ ಕಡೆ ಮುಖ ತಿರುಗಿಸಿದರು. ಸುಜಾತಾ ಕಣ್ಣು ಮುಚ್ಚಿದಳು. ಒಂದು ಕೈಯಲ್ಲಿ ಟವೆಲ್, ಇನ್ನೊಂದರಲ್ಲಿ ಮೌತ್ ಆರ್ಗನ್ ಹಿಡಿದು, ನೊರೆ ಸೋರಿಸುತ್ತ, "ಬರ್ರಿ, ಕುಂದ್ರಿ" ಎಂದೆ.

ವಾಲ್ವ್ ಮತ್ತೆ ತೆರೆಯಿತು. ನಾನು ಮೈ ತೊಳೆದು, ಅಂಗಿ ತೊಟ್ಟು ಬರುವಷ್ಟರಲ್ಲಿ ಶ್ರೇಯಾ ನಿಜ ಹೇಳಿಬಿಟ್ಟಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ನೆಲ ಬಾಯ್ತೆರೆಯಬಾರದೇ ಎನಿಸಿತು.

"ಹಂಗಾದ್ರ ಒಮ್ಮೆ ಬಗ್ಗಿಸಿ ತೋರಸ್ರಿ" ಎಂದರು ಅಣ್ಣಾಸಾಹೇಬರು, ಗಂಭೀರವಾಗಿ.

ನುಡಿಸಿದೆ. ಬಗ್ಗಲಿಲ್ಲ. ಮತ್ತೆ ಎಳೆದೆ. ಮುಖ ಕೆಂಪಾಯಿತು, ಸೊಂಟವೂ ಬಗ್ಗಿತು. ಸ್ವರ ಬಗ್ಗಲಿಲ್ಲ!

ಹುಡುಗನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಶ್ರೇಯಾಳನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ಇದನ್ನ ದಿನಾ ಕೇಳ್ಕೋಂತ ಹುಡುಗಿ ಇಷ್ಟು ಶಾಂತ ಇದ್ದಾಳಂದ್ರ, ನಮ್ಮನ್ಯಾಗ ಆಕಿಗೆ ಯಾವ ತ್ರಾಸೂ ತ್ರಾಸ ಅನಸಂಗಿಲ್ಲ. ನನಗ ಒಪ್ಪಿಗಿ ಐತ್ರಿ."

ನನ್ನ ಸಂಗೀತದಿಂದಲೇ ಮಗಳ ಮದುವೆ ಕೂಡಿಬಂತು ಎಂದು ಕಾರ್ಖಾನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಸುಳ್ಳೇನಲ್ಲ. ವಿವರಗಳಿಗೆ ಮಾತ್ರ ಹೋಗಿಲ್ಲ!