ಹಣತೆಯ ಮೇಲೆ ಹೊರಿಸಿದ ಬೆಂಕಿ

ಮಸ್ಕಿಯ ಬಜಾರಿನಲ್ಲಿ ಬಸವಂತರಾಯನ ಬಟ್ಟೆ ಅಂಗಡಿ ಸುಟ್ಟದ್ದು ಒಂದು ಸಿಗರೇಟಿನಿಂದ. ಇದು ಗೊತ್ತಿದ್ದದ್ದು ಬಸವಂತರಾಯನೊಬ್ಬನಿಗೇ. ಹಣೆತುಂಬ ವಿಭೂತಿ ಧರಿಸಿ, ಅಂಗಡಿಯ ಕಟ್ಟೆಯ ಮೇಲೆ ಯಾರಾದರೂ ಬೀಡಿ ಹಚ್ಚಿದರೆ ಮುಲಾಜಿಲ್ಲದೆ ಎಬ್ಬಿಸಿ ಕಳಿಸುವ ಮನುಷ್ಯ ಅವನು. ಆದರೆ ಗಿರಾಕಿಗಳು ಹೋದ ಮೇಲೆ ಒಳಕೋಣೆಯಲ್ಲಿ, ಧೋತರದ ಗಂಟುಗಳ ಮರೆಗೆ ಕೂತು ದಿನಕ್ಕೊಂದು ಸೇದದಿದ್ದರೆ ಅವನ ಜೀವ ಒಂದು ಕಡೆ ನಿಲ್ಲುತ್ತಿರಲಿಲ್ಲ. ಅವತ್ತು ಹೆಂಡತಿಯ ಹೆಜ್ಜೆ ಸಪ್ಪಳ ಕೇಳಿದ್ದೇ ತಡ, ಸಿಗರೇಟನ್ನು ಗಂಟುಗಳ ಹಿಂದೆ ತುರುಕಿ ಹೊರಗೆ ಬಂದಿದ್ದ. ಹೆಂಡತಿ ಗುರುಲಿಂಗಮ್ಮ ಎಂದಿನಂತೆ ಅಂಗಡಿಯ ಗೋಡೆಗೂಡಿನಲ್ಲಿ ಸಂಜೆಯ ಹಣತೆ ಹಚ್ಚಿಟ್ಟು ಹೋದಳು. ಗಂಟೆಯೊಳಗೆ ಅಂಗಡಿ ಧಗಧಗ ಉರಿಯಿತು.

ಓಣಿಯೆಲ್ಲ ಹಣತೆಯನ್ನೇ ಬೈಯಿತು. ಗುರುಲಿಂಗಮ್ಮನಂತೂ ನನ್ನ ಕೈಯಿಂದಲೇ ಮನೆ ಹಾಳಾಯಿತೆಂದು ಅವತ್ತಿನಿಂದ ಒಪ್ಪತ್ತು ಉಣ್ಣತೊಡಗಿದಳು. ಇವತ್ತು ಹೇಳಿಬಿಡಬೇಕು ಎಂದು ಬಸವಂತರಾಯ ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದ. ಅವಳು ನೀರು ಕುಡಿದು ಮಲಗುವುದನ್ನು ನೋಡಿದಾಗ ನಾಚಿಕೆಯಿಂದ ಮುಖ ಆಚೆ ತಿರುಗಿಸುತ್ತಿದ್ದ. ಎಂಥ ಗಂಡಸೋ ಏನೋ!

ಉಳಿದ ಆಸೆ ಒಂದೇ. ಪೊಲೀಸ್ ಆ್ಯಕ್ಷನ್ ಕಾಲದ ಗದ್ದಲಕ್ಕೆ ಹೆದರಿ ಅಂಗಡಿಗೆ ಸಾವಿರ ರೂಪಾಯಿ ವಿಮೆ ಮಾಡಿಸಿದ್ದ. ಅದು ಬಂದರೆ ಅಂಗಡಿ ಮತ್ತೆ ತೆರೆಯಬಹುದು, ಇಲ್ಲವಾದರೆ ಇನ್ನೊಬ್ಬರ ಅಂಗಡಿಯಲ್ಲಿ ಗಜಕೋಲು ಹಿಡಿಯಬೇಕು.

ಒಂಬತ್ತನೆಯ ದಿನ ರಾಯಚೂರಿನಿಂದ ವಿಮೆ ಇನ್ಸ್‌ಪೆಕ್ಟರ್ ಬಸ್ಸಿಳಿದು ಬಂದ. ಪಂಚನಾಮೆಗೆಂದು ಓಣಿಯೇ ಬಸವಂತರಾಯನ ಮನೆಯ ಪಡಸಾಲೆಯಲ್ಲಿ ಬಂದು ಕೂತಿತು. ಎದುರಿನ ಕಿರಾಣಿ ಅಂಗಡಿಯ ದೊಡ್ಡಬಸಪ್ಪ ಯಾರೂ ಕೇಳುವ ಮೊದಲೇ ಶುರು ಮಾಡಿದ.

“ಬರ್ಕೋರಿ ಸಾಹೇಬ್ರ. ಇವ್ರಂಥಾ ದೈವಭಕ್ತರು ಈ ಬಜಾರದಾಗ ಇಲ್ಲ. ಒಂದಿನ ತಪ್ಪಿಲ್ಲ, ಸಂಜಿ ಆತಂದ್ರ ಅಂಗಡ್ಯಾಗ ಹಣತಿ ಹಚ್ಚಿರಬೇಕು. ಬಟ್ಟಿ ಮಗ್ಗಲಕ್ಕs ಇಡತಿದ್ರು, ದೇವ್ರ ಮ್ಯಾಲ ಅಷ್ಟು ಭರೋಸಾ.”

ಇನ್ಸ್‌ಪೆಕ್ಟರ್ ತಲೆ ಎತ್ತದೆ ಬರೆದುಕೊಂಡ. ಬಸವಂತರಾಯನ ಪಕ್ಕದಲ್ಲಿ ಕೂತಿದ್ದವನು ಕಚೇರಿ ಮುಂದೆ ಅರ್ಜಿ ಬರೆಯುವ ಉಸ್ಮಾನ್‌ಸಾಬ್, ಓಣಿಯ ಕಾಯದೆ ಪಂಡಿತ. ಅವನು ಮೆಲ್ಲಗೆ ಕಿವಿಗೆ ಬಾಗಿದ.

“ಕೆಟ್ರಿ ಸಾವ್ಕಾರ್ರ. ತಿಳಿದೂ ತಿಳಿದೂ ಬಟ್ಟ್ಯಾಗ ದೀಪ ಇಟ್ರ ಕಂಪನಿ ಒಂದು ಪೈಸಾ ಕೊಡಂಗಿಲ್ಲ. ತಿಳೀಲಾರದs ಕಿಡಿ ಬಿದ್ದಿದ್ರ ಬ್ಯಾರೆ ಮಾತಿತ್ತು.”

ಬಾಗಿಲ ಹಿಂದೆ ಗುರುಲಿಂಗಮ್ಮ ಬಿಕ್ಕಿದ್ದು ಕೇಳಿಸಿತು. ತಿಳಿಯಲಾರದ ಕಿಡಿ ಬಸವಂತರಾಯನ ಬಳಿ ಇತ್ತಲ್ಲ! ಸಾವಿರ ರೂಪಾಯಿಯ ಆಸೆಗೆ ಬಾಯಿಬಿಟ್ಟನೋ, ಹೆಂಡತಿಯ ಬಿಕ್ಕಿಗೆ ಬಿಟ್ಟನೋ, ಅವನನ್ನು ಕೇಳಿದರೆ ಹೆಂಡತಿಗಾಗಿ ಎಂದೇ ಹೇಳುತ್ತಿದ್ದ.

“ಹಣತಿ ಅಲ್ರೀ ಸಾಹೇಬ್ರ,” ಎಂದ. “ನಾ ಒಳಗ ಕುಂತು ಸಿಗರೇಟ ಸೇದಾಕತ್ತಿದ್ದೆ. ಅದರ ಕಿಡಿ.”

ಪಡಸಾಲೆಯವರೆಲ್ಲ ಅವನತ್ತ ತಿರುಗಿದರು. ಬೆವರಿಗೆ ಹಣೆಯ ವಿಭೂತಿ ಕರಗಿ ಇಳಿಯುತ್ತಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ. ಇನ್ಸ್‌ಪೆಕ್ಟರ್ ಹೇಳಿಕೆ ಬರೆದು ಸಹಿ ಮಾಡಿಸಿಕೊಂಡು ಪೆನ್ನಿನ ಮುಚ್ಚಳ ಹಾಕಿದ.

“ಅಷ್ಟs ರೀ. ಇನ್ನ ರೊಕ್ಕ ಬರಂಗಿಲ್ಲ.”

“ಯಾಕ್ರೀ? ತಿಳೀಲಾರದ ಕಿಡಿ ಅಲ್ರೀ ಅದು?” ಎಂದ ಬಸವಂತರಾಯ.

“ದೇವ್ರ ದೀಪಕ್ಕ ಕೊಡತೀವಿ. ಈ ಕಡಿ ಅಂಗಡ್ಯಾಗೆಲ್ಲ ಹಚ್ಚತಾರಂತ ಪಾಲಿಸಿಯೊಳಗs ಬರದೈತಿ. ನಾ ಆಗಲೇ ಕೊಡಬಹುದು ಅಂತ ಬರದಿದ್ದೆ. ಬಟ್ಟಿ ಅಂಗಡ್ಯಾಗ ಸಿಗರೇಟಿಗೆ ಮಾತ್ರ ಮನಾಯಿ, ಸೇದಿದ್ರ ರೊಕ್ಕಿಲ್ಲ. ನೀವು ಹೇಳಿದ್ದು ಖರೆಯೋ ಸುಳ್ಳೋ, ಸಹಿ ಅಂತೂ ಹಾಕೀರಿ.”

ಉಸ್ಮಾನ್‌ಸಾಬ್ ಚಪ್ಪಲಿ ಹುಡುಕತೊಡಗಿದ. ಇನ್ಸ್‌ಪೆಕ್ಟರ್ ಬಸ್ಸಿನ ಹೊತ್ತಾಯಿತೆಂದು ನಡೆದ. ಇನ್ನು ಓಣಿ ಉಗುಳುವುದೊಂದೇ ಬಾಕಿ ಎಂದು ಬಸವಂತರಾಯ ತಲೆ ತಗ್ಗಿಸಿ ಕೂತ. ಅಷ್ಟರಲ್ಲಿ ಗುರುಲಿಂಗಮ್ಮ ಹೊರಗೆ ಬಂದು ನಾಲ್ಕು ಜನರೆದುರು ಅವನ ಕಾಲಿಗೆ ಹಣೆ ಹಚ್ಚಿದಳು.

“ನನ್ನ ಮ್ಯಾಲಿನ ಅಪವಾದ ತೆಗಿಯಾಕ ಸಾವಿರ ರೂಪಾಯಿ ಬಿಟ್ರಲ್ರೀ.”

“ಏ, ಖರೇನs ಹೇಳೀನಿ. ನಾನs ಸೇದಿದ್ದು.”

“ಗೊತ್ತೈತಿ ಬಿಡ್ರಿ,” ಎಂದು ಅವಳು ಕಣ್ಣೀರಲ್ಲೇ ನಕ್ಕಳು. “ನೀವು ಸಿಗರೇಟ ಮುಟ್ಟತೀರೇನು? ಸುಳ್ಳು ಹೇಳಾಕೂ ಬರಂಗಿಲ್ಲ ನಿಮಗ. ಏಳ್ರಿ, ಇವತ್ತು ನಿಮ್ಮ ಜೋಡಿ ನಾನೂ ಹೊಟ್ಟಿತುಂಬ ಉಣ್ಣತೀನಿ.”

ಒಂಬತ್ತು ದಿನಕ್ಕೆ ಅವಳ ಮುಖದಲ್ಲಿ ಕಳೆ ಬಂದಿತ್ತು. ಬಸವಂತರಾಯ ಜೇಬಿನಲ್ಲಿದ್ದ ಸಿಗರೇಟು ಪಾಕೀಟಿಗೆ ಕೈ ಹಾಕಿದ. ತೆಗೆದು ತೋರಿಸಲಾಗಲಿಲ್ಲ. ಇಂಥ ನಾಚಿಕೆಯನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ದೊಡ್ಡಬಸಪ್ಪ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ. “ಹೆಣ್ತಿ ಸಲುವಾಗಿ ಇಂಥಾ ಮಾತು ಮೈಮ್ಯಾಲ ಹಾಕ್ಕೊಳ್ಳೋ ಮನಷ್ಯಾ ಎಲ್ಲಿ ಸಿಗತಾನ್ರೀ? ಸೋಮವಾರ ಮಠದಾಗ ಹುಡುಗ್ರಿಗೆ ಬೀಡಿ, ಸಿಗರೇಟ ಬಿಡ್ರೆಪಾ ಅಂತ ನಾಕು ಮಾತು ನೀವs ಹೇಳಬೇಕ್ರಿ ಸಾವ್ಕಾರ್ರ.”

ಇಲ್ಲ ಎನ್ನಲು ಬೇಕಾದ ಧೈರ್ಯವೆಲ್ಲ ಅವತ್ತು ಆಗಲೇ ಖರ್ಚಾಗಿತ್ತು. ಬಸವಂತರಾಯ ಹೂಂ ಅಂದ.