ಲಿಫ್ಟಿನೊಳಗಿನ ಕಟ್ಟೆ

ನಾಲತವಾಡದ ಆಯಿಯ ಮನೆಗೆ ಮೇಲಂತಸ್ತೇ ಇಲ್ಲ. ಮಾಳಿಗೆ ಏರಬೇಕೆಂದರೆ ಏಣಿ ಹಚ್ಚಬೇಕು, ಆ ಏಣಿಯಲ್ಲೂ ನಡುವಿನ ಎರಡು ಮೆಟ್ಟಿಲು ಮುರಿದಿವೆ. ಆದರೂ ಆಕೆ ವಾರಕ್ಕೆ ನಾಲ್ಕು ಸಲವಾದರೂ ಲಿಫ್ಟಿನಲ್ಲಿ ಹೋಗಿ ಬರುತ್ತಾಳೆ!

ಹೋದ ರಜೆಯಲ್ಲಿ ನಾನು ಫೋನಿನಲ್ಲಿ, "ಲಿಫ್ಟಿಗೆ ಹೋಗಿದ್ರೇನ್ರಿ ಅಕ್ಕಾರ?" ಎಂದು ಕೇಳಿದ್ದು ನಿಮ್ಮ ಕಿವಿಗೆ ಬಿದ್ದು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಇಬ್ಬರು ಮುದುಕಿಯರಿಗೂ ಒಟ್ಟಿಗೇ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಕೇಳುವವರು ಮೂರು ಮಂದಿಯಾದರೂ, ಅದರಲ್ಲೂ ಮೊಮ್ಮಕ್ಕಳೇ ಆದರೂ, ಮಾತು ಅರ್ಧ ದಾರಿಯಲ್ಲಿ ಕೂತುಬಿಡುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಆಕೆ ನಿಮ್ಮ ಮುತ್ಯಾನ, ಅಂದರೆ ನನ್ನ ಯಜಮಾನರ, ಅಕ್ಕ. ನನಗೂ ಅಕ್ಕಾರ. ನಿಮ್ಮ ಮುತ್ಯಾನ ಗಂಟಲಲ್ಲಿ ಗಡ್ಡೆ ಕಂಡಾಗ, ಪುಣೆಯ ಆಸ್ಪತ್ರೆಯಲ್ಲಿ ಏಳು ವಾರ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಬೇಕೆಂದು ಡಾಕ್ಟರರು ಹೇಳಿದರು. ದಿನಾ ಬೆಳಿಗ್ಗೆ ಹೋಗಿ ಹತ್ತು ನಿಮಿಷ ಮಶೀನಿನ ಕೆಳಗೆ ಮಲಗಿ ಬರುವುದು. ಅಷ್ಟಕ್ಕೆ ಆಸ್ಪತ್ರೆಯಲ್ಲಿ ಹಾಸಿಗೆ ಕೊಡುವುದಿಲ್ಲ. ನಿಮ್ಮ ಅಪ್ಪ ಅಲ್ಲೇ ಸಮೀಪದಲ್ಲಿ ಒಂದು ಹೋಟೆಲು ಹುಡುಕಿದ. ಚಹಾ, ಚುರುಮುರಿಯ ಹೋಟೆಲಲ್ಲ, ಇರುವ ಹೋಟೆಲು. ತಿಂಗಳುಗಟ್ಟಲೆ ಇರುವ ಬಡವರು, ಮಧ್ಯಮದವರಿಗಾಗಿಯೇ ಮಾಡಿದ್ದು. ಆರು ಮಹಡಿ. ನಮ್ಮದು ಒಂದನೆಯ ಮಹಡಿ. ಕೋಣೆಯಲ್ಲೇ ಒಂದು ಕರೆಂಟಿನ ಒಲೆ, ಮೊಣಕಾಲೆತ್ತರದ ಫ್ರಿಜ್ಜು, ಪಾತ್ರೆ ತೊಳೆಯಲು ಒಂದು ನಲ್ಲಿ. ನಿಮ್ಮ ಅಪ್ಪ ನಮ್ಮನ್ನು ಅಲ್ಲಿ ಬಿಟ್ಟು, ಶನಿವಾರ ಶನಿವಾರ ಬರುತ್ತೇನೆಂದು ಹೇಳಿ ಸೊಲ್ಲಾಪುರದ ಗಾಡಿ ಹತ್ತಿದ.

ಅಕ್ಕಾರ ನಮ್ಮ ಸಂಗಡ ಬಂದದ್ದು ಯಾರೂ ಕರೆದು ಅಲ್ಲ. "ನನ್ನ ತಮ್ಮಗ ಅರಾಮ ಇಲ್ಲಂದ್ರ ನಾ ನಾಲತವಾಡದಾಗ ಕುಂತು ಏನ್ ಮಾಡ್ಲಿ?" ಎಂದು ಜೋಳದ ಹಿಟ್ಟಿನ ಚೀಲ, ಕಬ್ಬಿಣದ ಹಂಚು, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ ಹೊತ್ತುಕೊಂಡು ನೇರವಾಗಿ ನಾವು ಗಾಡಿ ಹತ್ತುವ ಇಂಡಿ ಸ್ಟೇಶನ್ನಿಗೇ ಬಂದು ನಿಂತಿದ್ದಳು. ಕೋಣೆಗೆ ಕಾಲಿಟ್ಟ ಕೂಡಲೇ ನಿಮ್ಮ ಮುತ್ಯಾ ಬಚ್ಚಲಿಗೆ ಹೋದ ಸಮಯ ನೋಡಿ ನನಗೆ ಕಾಯಿದೆ ಹೇಳಿದಳು.

"ಇಲ್ಲಿ ಕೇಳ ತಂಗಿ. ಜಡ್ಡಿನ ಮನಶ್ಯಾನ ಮುಂದ ಅಳೂದಲ್ಲ. ಬಚ್ಚಲದಾಗ ನಳಾ ಬಿಟ್ಟು ಅತ್ತರೂ ಗೊತ್ತಾಗತೈತಿ. ಅಷ್ಟೂ ತಡಕೊಳ್ಳಾಕ ಆಗಲಿಲ್ಲಂದ್ರ ಹಿತ್ತಲಕ್ಕ ಹೋಗು."

ಆಮೇಲೆ ಕಿಟಕಿಯಿಂದ ಬಗ್ಗಿ ನೋಡಿದಳು. ಕೆಳಗೆ ಮೋಟರ್‌ಸೈಕಲ್ಲುಗಳ ಸಾಲು.

"ಹಿತ್ತಲಾರೆ ಎಲ್ಲೈತಿ ಇಲ್ಲೆ? ಹಿತ್ತಲಿಲ್ಲ, ಮುಂದ ಕೂಡ್ರಾಕ ಕಟ್ಟಿ ಇಲ್ಲ. ಇದೆಂಥಾ ಮನಿ ಕಟ್ಟ್ಯಾರ?"

ಆಕೆಗೆ ಇನ್ನೂ ದೊಡ್ಡ ಚಿಂತೆ ಹಚ್ಚಿದ್ದು ಬಾಗಿಲುಗಳು. ಹಗಲುಹೊತ್ತಿನಲ್ಲಿ ಕೋಣೆಗಳ ನಡುವಿನ ಓಣಿಯ ಎರಡೂ ಕಡೆ ಎಲ್ಲ ಬಾಗಿಲು ಮುಚ್ಚಿದ್ದವು. ನಮ್ಮ ಕಡೆ ಹಗಲು ಬಾಗಿಲು ಹಾಕಿದೆ ಎಂದರೆ ಮನೆಯವರು ಪರಊರಿಗೆ ಹೋಗಿರಬೇಕು, ಇಲ್ಲವೇ ಒಳಗೆ ಏನೋ ಆಗಿರಬೇಕು. ಅಕ್ಕಾರ ಒಂದೊಂದೇ ಬಾಗಿಲು ಬಡಿಯುತ್ತ ಹೋದಳು. "ಯಾಕ್ರಿ, ಮನ್ಯಾಗ ಎಲ್ಲಾರೂ ಅರಾಮ ಅದೀರಿಲ್ಲೋ?" ತಲೆಗೆ ಸಾಬೂನು ಹಚ್ಚಿಕೊಂಡಿದ್ದ ಒಬ್ಬ ದೊಡ್ಡ ಮನುಷ್ಯ ಗಾಬರಿಯಿಂದ ಟವೆಲು ಸುತ್ತಿಕೊಂಡು ಬಾಗಿಲು ತೆಗೆದರೆ, "ಜಳಕಾ ಮಾಡಾಕತ್ತೀರೇನು? ಮಾಡ್ರಿ ಮಾಡ್ರಿ, ಜೀವಂತ ಅದೀರಲ್ಲ, ಸಾಕು," ಎಂದು ಮುಂದಿನ ಬಾಗಿಲಿಗೆ ಹೋದಳಂತೆ.

ಸಂಜೆಯೊಳಗೆ ಹೋಟೆಲಿನ ಮ್ಯಾನೇಜರರು ನಮ್ಮ ಕೋಣೆಗೆ ಬಂದರು. ನಮ್ಮ ಅದೃಷ್ಟ, ಅವರು ಸಿಂದಗಿಯ ಮುಸಲ್ಮಾನರು. ಪುಣೆಗೆ ಬಂದು ಇಪ್ಪತ್ತು ವರ್ಷವಾದರೂ ಮಾತು ಇನ್ನೂ ಸಿಂದಗಿಯದೇ.

"ಅಕ್ಕಾರ, ಮಂದಿ ಬಾಗಿಲಾ ಬಡೀಬ್ಯಾಡ್ರಿ. ಇಲ್ಲಿ ಯಾರೂ ಯಾರನ್ನೂ ಕೇಳೂದಿಲ್ರಿ."

"ಸತ್ತರೂ ಕೇಳೂದಿಲ್ಲೇನು?"

"ಬಾಡಿಗಿ ಕೊಡೂ ದಿನಾ ಬಂದಾಗ ನಾ ಕೇಳ್ತೇನ್ರಿ," ಎಂದರು ಅವರು.

ಇನ್ನು ಲಿಫ್ಟು. ನನಗೆ ಅದೆಂದರೆ ಜೀವ ಹಾರುತ್ತಿತ್ತು. ಆಸ್ಪತ್ರೆಗೆ ಹೋಗುವಾಗ ನಿಮ್ಮ ಮುತ್ಯಾನ ತೋಳು ಹಿಡಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಒಬ್ಬಳೇ ಇದ್ದರೆ ಮೆಟ್ಟಿಲೇ ಸೈ. ಅಕ್ಕಾರ ಮಾತ್ರ ಮೂರನೆಯ ದಿನಕ್ಕೆ ಅದರ ಗುಟ್ಟು ಕಂಡುಹಿಡಿದಳು. "ಈ ಹೋಟೆಲಿನ್ಯಾಗ ಬಾಗಿಲಾ ತೆಗಿಯೂ ಮನಿ ಇದೊಂದ ನೋಡ!" ಎಂದವಳೇ ಕೋಣೆಯ ಪ್ಲಾಸ್ಟಿಕ್ ಸ್ಟೂಲು ಎತ್ತಿಕೊಂಡು ಹೋಗಿ ಲಿಫ್ಟಿನ ಮೂಲೆಯಲ್ಲಿ ಹಾಕಿ ಕೂತುಬಿಟ್ಟಳು.

ಮಧ್ಯಾಹ್ನವಾದರೆ ಅದೇ ಆಕೆಯ ಕಟ್ಟೆ. ಊರಲ್ಲಿ ಕಟ್ಟೆಯ ಮುಂದೆ ಮಂದಿ ಹಾಯ್ದು ಹೋಗುತ್ತಾರೆ, ಇಲ್ಲಿ ಕಟ್ಟೆಯೇ ಮಂದಿಯ ಮುಂದೆ ಹಾಯುತ್ತದೆ, ಅಷ್ಟೇ ವ್ಯತ್ಯಾಸ. ಬಾಗಿಲು ತೆರೆದು ಯಾರು ಒಳಗೆ ಬಂದರೂ ಎರಡೇ ಪ್ರಶ್ನೆ: "ಯಾವೂರ್ರಿ? ಊಟ ಆತೇನ್ರಿ?" ಮರಾಠಿಯವರಿಗೂ ಇದೇ, ಹಿಂದಿಯವರಿಗೂ ಇದೇ. ಅರ್ಥವಾಗದವರಿಗೆ ಐದು ಬೆರಳು ಬಾಯಿಗೆ ಒಯ್ದು ತೋರಿಸುತ್ತಿದ್ದಳು. ಕೆಲವರು ಹೆದರಿ ಮೆಟ್ಟಿಲು ಹತ್ತಲು ಶುರು ಮಾಡಿದರು. ಅವರ ಆರೋಗ್ಯ ಸುಧಾರಿಸಿರಬೇಕು.

ಮ್ಯಾನೇಜರರು ಮತ್ತೆ ಬಂದರು. "ಅಕ್ಕಾರ, ಲಿಫ್ಟ್ ಇರೂದು ಹೋಗಾಕ್ರಿ. ಕೂಡ್ರಾಕಲ್ಲ."

"ನಾನೂ ಹೋಗಾಕತ್ತೇನಿ. ಕುಂತು ಹೋಗಾಕತ್ತೇನಿ. ಬಸ್ಸಿನ್ಯಾಗ ಕುಂತು ಹೋಗೂದಿಲ್ಲೇನು?"

"ಬಸ್ಸು ಒಂದ್ ಊರಿಗೆ ಮುಟ್ಟತೈತ್ರಿ."

"ಇದೂ ಮುಟ್ಟತೈತಿ. ಆರನೇದ್ದಕ್ಕ."

ಊಟ ಆಗಿಲ್ಲ ಎಂದವರ ಗತಿ ಬೇರೆಯೇ. ಅವರು ಯಾವ ಮಹಡಿಗೆ ಹೊರಟಿದ್ದರೂ ಅಕ್ಕಾರ ಒತ್ತುವುದು ನಮ್ಮ ಒಂದನೆಯದನ್ನೇ. ಹೀಗೆ ಸಿಕ್ಕಿಬಿದ್ದವರಲ್ಲಿ ಆರನೆಯ ಮಹಡಿಯ ಮಾಸ್ತರರು ಮೊದಲಿಗರು. ಮರಾಠಿಯವರು, ಸಾಲೆಯ ನೌಕರಿಯಿಂದ ನಿವೃತ್ತರಾಗಿದ್ದರು. ಇದ್ದ ಮನೆ ಮಾರಿ ಹೊಸ ಮನೆ ಕಟ್ಟಿಸಲು ಹಿಡಿದಿದ್ದರಂತೆ. ಅದು ಕಟ್ಟಿ ಮುಗಿಯುವ ಮೊದಲೇ ಹೆಂಡತಿ ತೀರಿಕೊಂಡರು. ಮನೆ ಮುಗಿಯುವ ತನಕ ಎಂದು ಹೋಟೆಲಿಗೆ ಬಂದವರು, ಮುಗಿದ ಮೇಲೂ ಅಲ್ಲಿಗೆ ಹೋಗಲು ಮನಸ್ಸಾಗದೆ ಇಲ್ಲೇ ಉಳಿದಿದ್ದರು. ಮೊದಲನೆಯ ದಿನ ನಮ್ಮ ಕೋಣೆಯಲ್ಲಿ ತಲೆ ಬಗ್ಗಿಸಿಕೊಂಡು ಎರಡು ರೊಟ್ಟಿ ಉಂಡರು. ಎರಡನೆಯ ವಾರದಲ್ಲಿ "ಆತು", "ಇಲ್ಲ" ಎಂಬ ಎರಡು ಕನ್ನಡ ಮಾತು ಕಲಿತರು. ಮೂರನೆಯ ವಾರದಲ್ಲಿ ಯಾವ ಕೆಲಸವೂ ಇಲ್ಲದೆ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಸುಮ್ಮನೆ ಓಡಾಡತೊಡಗಿದರು.

ರೊಟ್ಟಿ ಯಾಕೆ ಅಷ್ಟು ಉಳಿಯುತ್ತಿತ್ತು ಎಂದು ನೀವು ಕೇಳಬಹುದು. ನಿಮ್ಮ ಮುತ್ಯಾನಿಗೆ ಗಂಜಿ ಬಿಟ್ಟು ಏನೂ ಇಳಿಯುತ್ತಿರಲಿಲ್ಲ. ಆದರೆ ಅಕ್ಕಾರನ ಕೈಗೆ ಅದು ಹೇಗೆ ಗೊತ್ತಾಗಬೇಕು? ದಿನಾ ಬಡಿಯುವಾಗ ತಮ್ಮನ ಪಾಲಿನವನ್ನೂ ಬಡಿದೇ ಬಿಡುತ್ತಿದ್ದಳು. ಒಲೆಯಲ್ಲಿ ಬೆಂಕಿಯಿಲ್ಲದ್ದರಿಂದ ರೊಟ್ಟಿ ಉಬ್ಬುತ್ತಿರಲಿಲ್ಲ. "ಉರಿ ಇಲ್ಲದ ಒಲಿಗೆ ಮರ್ಯಾದಿ ಎಲ್ಲಿಂದ ಬರಬೇಕು," ಎಂದು ಅದನ್ನು ಬೈಯುತ್ತ ಬಡಿಯುತ್ತಿದ್ದಳು. ಕೆಳಗಿನವರು ಗೋಡೆ ಒಡೆಯುತ್ತಿದ್ದಾರೆಂದು ದೂರು ಕೊಟ್ಟರು. ವಿಚಾರಣೆಗೆ ಬಂದ ಮ್ಯಾನೇಜರರ ಕೈಗೆ ಬಿಸಿ ರೊಟ್ಟಿ, ಹಿಂಡಿ, ಮೇಲೊಂದಿಷ್ಟು ಎಣ್ಣೆ ಬಿದ್ದ ಮೇಲೆ ಗೋಡೆ ತಾನೇ ಸರಿಹೋಯಿತು.

ಗಂಟಲು ನೋಯುತ್ತದೆಂದು ನಿಮ್ಮ ಮುತ್ಯಾನಿಗೆ ಮಾತು ಬೇಡವೆಂದಿದ್ದರು ಡಾಕ್ಟರರು. ನಿಮ್ಮ ಅಪ್ಪ ಒಂದು ಪಾಟಿ, ಒಂದು ಡಬ್ಬಿ ಬಳಪ ತಂದುಕೊಟ್ಟಿದ್ದ. ಹೇಳಬೇಕಾದದ್ದನ್ನು ಅವರು ಪಾಟಿಯ ಮೇಲೆ ಬರೆಯುವುದು. ಅಕ್ಕಾರನಿಗೆ ಓದು ಬರದು. ಇಂಗಳೇಶ್ವರದ ಸಾಲೆಯಲ್ಲಿ ಏಳನೆಯ ತನಕ ಕಲಿತ ನಾನು ಓದಿ ಹೇಳುವುದು. ಜೀವಮಾನದಲ್ಲಿ ಮೊದಲ ಸಲ ನಾನು ಒಬ್ಬರ ಪರವಾಗಿ ಮಾತಾಡಬೇಕಾಗಿತ್ತು. ಒಂದು ದಿನ ಅಕ್ಕಾರ ಗಂಜಿ ಕುಡಿಯಲಿಲ್ಲವೆಂದು ಅರ್ಧ ತಾಸು ಬೈದಳು. ಅವರು ಶಾಂತವಾಗಿ ಬರೆದು ನನಗೆ ತೋರಿಸಿದರು: "ಮಾತು ಬಿಡಬೇಕಾದದ್ದು ನಾನಲ್ಲ, ಅಕ್ಕ. ಡಾಕ್ಟರರಿಗೆ ಹೆಸರು ತಪ್ಪಿದೆ."

ನಾನೇನು ಓದಲಿ? "ಕುಡೀತಾರಂತ್ರಿ," ಎಂದೆ.

ಅಕ್ಕಾರ ಪಾಟಿಯನ್ನೇ ದಿಟ್ಟಿಸಿದಳು. "ಅಷ್ಟುದ್ದ ಬರದಾನ, ನೀ ಇಷ್ಟ ಓದಿದಿ?"

ನಿಮ್ಮ ಮುತ್ಯಾ ಶಬ್ದವಿಲ್ಲದೆ ಭುಜ ಕುಣಿಸಿ ನಕ್ಕರು. ಆ ಕೋಣೆಯಲ್ಲಿ ಅವರು ನಕ್ಕದ್ದು ಕಡಿಮೆ.

ಐದನೆಯ ವಾರ ಡಾಕ್ಟರರು ಗಂಟಲೊಳಗೆ ನಳಿಕೆ ಬಿಟ್ಟು ನೋಡಿದರು. ನನ್ನನ್ನೂ ಅಕ್ಕಾರನನ್ನೂ ಮಾತ್ರ ಹೊರಗೆ ಕರೆದು, ಕರಗಬೇಕಾದಷ್ಟು ಕರಗಿಲ್ಲ, ಉಳಿದ ದಿನ ಕೊಡೋಣ, ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ಹಿಂದಿಯಲ್ಲಿ ಹೇಳಿದರೂ ಪೂರ್ತಿ ತಿಳಿಯಿತು. ಕೋಣೆಗೆ ಬಂದು ನಿಮ್ಮ ಮುತ್ಯಾನನ್ನು ಮಲಗಿಸಿ ನಾನು ಗೋಡೆ ನೋಡುತ್ತ ಕೂತೆ. ಅಳುವ ಹಾಗಿಲ್ಲವಲ್ಲ. ಅಕ್ಕಾರ? ಸ್ಟೂಲು ಎತ್ತಿಕೊಂಡು ಲಿಫ್ಟಿಗೆ ಹೊರಟಳು. ಒಂದು ಗಳಿಗೆಗೆ ಓಣಿಯಿಂದ ಆಕೆಯ ದನಿ ಕೇಳಿತು: "ಯಾವೂರ್ರಿ? ಊಟ ಆತೇನ್ರಿ?"

ನನಗೆ ಮೈಯೆಲ್ಲ ಉರಿಯಿತು. ತಮ್ಮನ ವಿಷಯ ಇಂಥದ್ದು ಕೇಳಿ ಬಂದು, ಕಂಡಕಂಡವರ ಊಟ ವಿಚಾರಿಸುವ ಹೆಂಗಸು ಎಂಥವಳು? ಯಾರ ಮುಂದೆಯೂ ತಲೆ ಎತ್ತದ ನಾನು ಮೆಟ್ಟಿಲಿಳಿದು ಮ್ಯಾನೇಜರರ ಮೇಜಿನ ಮುಂದೆ ನಿಂತೆ. "ನಮ್ಮ ಅಕ್ಕಾರ ಸ್ಟೂಲ್ ಕಸಗೊಳ್ರಿ. ಲಿಫ್ಟಿನ್ಯಾಗ ಕೂಡ್ರಿಸಬ್ಯಾಡ್ರಿ," ಎಂದೆ.

ಅವರು ಮೇಜಿನ ಮೇಲಿದ್ದ ಸಣ್ಣ ಟಿ.ವಿ.ಯನ್ನು ನನ್ನ ಕಡೆ ತಿರುಗಿಸಿದರು. ಲಿಫ್ಟಿನೊಳಗೆ ಕ್ಯಾಮೆರಾ ಇತ್ತೆಂದು ನನಗೂ ಗೊತ್ತಿರಲಿಲ್ಲ, ಅಕ್ಕಾರನಿಗೂ ಗೊತ್ತಿರಲಿಲ್ಲ.

ಲಿಫ್ಟಿನಲ್ಲಿ ಆಕೆ ಒಬ್ಬಳೇ ಇದ್ದಳು. ಬಾಗಿಲು ಮುಚ್ಚಿತ್ತು. ಮುಖಕ್ಕೆ ಸೆರಗು ಒತ್ತಿ ಹಿಡಿದಿದ್ದಳು. ಬೆನ್ನು ಅಲುಗುತ್ತಿತ್ತು. ಶಬ್ದವಿಲ್ಲದ ಚಿತ್ರ. ಬಾಗಿಲು ತೆರೆಯುವ ಮುನ್ನ ಸೆರಗಿನಿಂದ ಒಮ್ಮೆಗೇ ಮುಖ ಒರೆಸಿಕೊಂಡು ನೆಟ್ಟಗೆ ಕೂತಳು. ಒಬ್ಬ ಹೆಣ್ಣುಮಗಳು ಒಳಗೆ ಬಂದಳು. ಅಕ್ಕಾರನ ತುಟಿ ಅಲುಗಿತು. ಏನು ಕೇಳಿದಳೆಂದು ಹೇಳಬೇಕೇ? ಆ ಹೆಣ್ಣುಮಗಳು ಇಳಿದಳು, ಬಾಗಿಲು ಮುಚ್ಚಿತು, ಸೆರಗು ಮತ್ತೆ ಮುಖಕ್ಕೆ ಹೋಯಿತು.

"ನೀವು ಬಂದ ವಾರದಿಂದ ಅಕ್ಕಾರ ಹಿಂಗ ಅದಾರ್ರಿ ವೈನಿ," ಎಂದರು ಮ್ಯಾನೇಜರರು. "ನಾ ಆ ಕಡೆ ನೋಡೂದ ಬಿಟ್ಟೇನ್ರಿ. ಸ್ಟೂಲ್ ಕಸಗೊಳ್ಳಂದ್ರ ಹ್ಯಾಂಗ್ ಕಸಗೊಳ್ಳಲ್ರಿ?"

ಟಿ.ವಿ.ಯನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡು ಅದರ ಮೇಲೊಂದು ಟವೆಲು ಹಾಕಿದರು.

ನಾನು ಮೇಲೆ ಬಂದೆ. ನಿಮ್ಮ ಮುತ್ಯಾ ಮಲಗಿರಲಿಲ್ಲ. ನನ್ನ ಮುಖವನ್ನೇ ನೋಡಿದರು. ನಾನು ನಗಲು ನೋಡಿದೆ, ಬರಲಿಲ್ಲ. ಅವರು ಪಾಟಿ ಎಳೆದುಕೊಂಡು ನಿಧಾನವಾಗಿ ಬರೆದರು.

"ನೀನೂ ಲಿಫ್ಟಿಗೆ ಹೋಗಿ ಬಾ."

ನಾನು ಓದಿದ್ದನ್ನು ನೋಡಿ ಅಂಗೈಯಿಂದ ಅಳಿಸಿಬಿಟ್ಟರು. ಗೋಡೆಯ ಕಡೆ ಹೊರಳಿ ಹೊದಿಕೆ ಎಳೆದುಕೊಂಡರು. ಸಣ್ಣವರಿದ್ದಾಗ ಅಕ್ಕ ಹಿತ್ತಲಕ್ಕೆ ಹೋಗಿ, ಮುಖ ತೊಳೆದು ಬಂದು, ಊಟ ಆಯಿತೇ ಎಂದು ಕೇಳುವುದನ್ನು ನೋಡಿಯೇ ಬೆಳೆದವರಲ್ಲವೇ ಅವರು? ಅವರಿಗೆ ಯಾವ ಟಿ.ವಿ.ಯೂ ಬೇಕಿರಲಿಲ್ಲ.

ಲಿಫ್ಟಿನ ಮುಂದೆ ಹೋಗಿ ಗುಂಡಿ ಒತ್ತಿದೆ. ಬಾಗಿಲು ತೆರೆಯಿತು. ಅಕ್ಕಾರ ನನ್ನನ್ನು ನೋಡಿ, "ಊಟ..." ಎಂದು ಶುರು ಮಾಡಿ ನಿಂತಳು. ಎದ್ದು ಸ್ಟೂಲನ್ನು ನನ್ನ ಕಡೆ ನೂಕಿ ತಾನು ನೆಲದ ಮೇಲೆ ಕೂತಳು.

"ಬಾ. ಆರನೇದ್ದು ಒತ್ತೇನಿ. ಈ ಹೊತ್ತಿನ್ಯಾಗ ಅಲ್ಲೀಮಟ ಯಾರೂ ಬರೂದಿಲ್ಲ."

ಐದು ಮಹಡಿ ಏರಲು ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತು ಇಬ್ಬರೂ ಅತ್ತೆವು. ನಾನು ಕಣ್ಣು ಮುಚ್ಚಲಿಲ್ಲ, ಹೆದರಿಕೆಯೂ ಆಗಲಿಲ್ಲ. ಆರನೆಯದರಲ್ಲಿ ಬಾಗಿಲು ತೆರೆದಾಗ ಮಾಸ್ತರರು ನಿಂತಿದ್ದರು. ಅಕ್ಕಾರ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಆ ಪ್ರಶ್ನೆ ಕೇಳದೆ ಆ ಬಾಗಿಲು ಎಂದೂ ಮುಚ್ಚಿದ್ದಿಲ್ಲ. ನಾನೇ ಕೇಳಿದೆ.

"ಊಟ ಆತೇನ್ರಿ?"

ಮಧ್ಯಾಹ್ನ ಮೂರೂವರೆ. ಊಟವಾಗದೆ ಇರುತ್ತದೆಯೇ? ಅವರು ನಮ್ಮಿಬ್ಬರ ಮುಖ ನೋಡಿದರು, ಒಳಗೆ ಬಂದರು, ನಮ್ಮ ಒಂದನೆಯ ಮಹಡಿಯ ಗುಂಡಿಯನ್ನು ತಾವೇ ಒತ್ತಿದರು.

"ಇಲ್ಲ," ಎಂದರು.

ಏಳು ವಾರ ಮುಗಿಸಿ ನಾವು ಊರಿಗೆ ಬಂದೆವು. ಡಾಕ್ಟರರು ಹೇಳಿದ್ದಕ್ಕಿಂತ ಹೆಚ್ಚೇ ದಿನ ನಿಮ್ಮ ಮುತ್ಯಾ ಇದ್ದರು. ಎರಡು ಸಲ ಜೋಳದ ಸುಗ್ಗಿ ನೋಡಿದರು, ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನೂ ಉಂಡರು. ಆಮೇಲಿನದು ನಿಮಗೆ ಗೊತ್ತಿದೆ.

ಈಗ ನನ್ನ ಮನೆಗೆ ಕಟ್ಟೆಯೂ ಇದೆ, ಹಿತ್ತಲೂ ಇದೆ. ಅಕ್ಕಾರ ದಿನಾ ಮಧ್ಯಾಹ್ನ ನಾಲತವಾಡದಿಂದ ಫೋನು ಮಾಡುತ್ತಾಳೆ. ನಿನ್ನೆಯೂ ಮಾಡಿದ್ದಳು.

"ಊಟ ಆತೇನ ತಂಗಿ?"

"ಆತ್ರಿ. ಲಿಫ್ಟಿಗೆ ಹೋಗಿದ್ರೇನ್ರಿ ಅಕ್ಕಾರ?"

"ಹೂಂ. ಈಗ ಇಳದ ಬಂದ್ನಿ. ನೀ?"

"ನಾ ಇನ್ನೂ ಮ್ಯಾಲೇ ಅದೇನ್ರಿ."

"ಆತು. ಸಾವಕಾಶ ಇಳಿ," ಎಂದಳು. "ಅಲ್ಲೀಮಟ ನಾ ಫೋನ್ ಇಡೂದಿಲ್ಲ."